ಒಳಗಿನ ಚಿಲಕ

ಬಾಯಿ ತುಂಬ ನೀರು ತುಂಬಿಕೊಂಡು ಅವಳು ಗಾಜಿನ ಈಚೆ ಕೂತಿದ್ದಳು. ಆಚೆ, ದೀಪ ಹಾಕಿದ ಸಣ್ಣ ಕೋಣೆಯಲ್ಲಿ, ಹೊಲಿಗೆ ಕೆಲಸದ ಹೆಂಗಸೊಬ್ಬರು ಬಾಣಲೆ ತೊಳೆಯುತ್ತಿದ್ದರು. ಬಾಣಲೆ ಇದ್ದದ್ದು ಪುಸ್ತಕದಷ್ಟು ಅಗಲದ ಟ್ಯಾಬ್ಲೆಟ್ಟಿನ ಪರದೆಯ ಮೇಲೆ. ಬೆರಳಿನಿಂದ ಉಜ್ಜಿದಂತೆಲ್ಲ ಮಸಿ ಬಿಡುತ್ತಿತ್ತು, ಕೆಳಗಿನ ಹೊಳಪು ಒಂದೊಂದೇ ಗೆರೆಯಾಗಿ ಕಾಣಿಸುತ್ತಿತ್ತು. ಹೊಲಿಗೆಯಮ್ಮ ನಾಲಿಗೆಯ ತುದಿಯನ್ನು ತುಟಿಯ ಅಂಚಿಗೆ ತಂದು, ಅಂಗಿಯ ಗುಂಡಿಗೆ ಕಾಜಾ ಹಾಕುವಾಗಿನ ಗಮನದಲ್ಲಿ, ಹಿಡಿಯ ಸಂದಿಯಲ್ಲಿ ಉಳಿದ ಚೂರು ಮಸಿಯನ್ನು ತೆಗೆಯುತ್ತಿದ್ದರು. ಅವರ ಪಾಲಿಗೆ ನಡುವಿನ ಗಾಜು ಬರೀ ಕನ್ನಡಿ. ಅದರ ಹಿಂದಿನಿಂದ ಮೂವರು ನೋಡುತ್ತಾರೆಂದು ಮೊದಲೇ ಹೇಳಿದ್ದರೂ ಎರಡು ನಿಮಿಷದಲ್ಲಿ ಮರೆತಿದ್ದರು.

ನೀರು ಆ ಕಚೇರಿಯ ನಿಯಮ. ತಾವು ಕಟ್ಟಿದ ಆಟವನ್ನು ಬೇರೆಯವರು ಮೊದಲ ಸಲ ಆಡುವಾಗ ಕಟ್ಟಿದವರು ಒಂದು ಮಾತೂ ಆಡಬಾರದು. ಹಿಂದೊಮ್ಮೆ ಚಿತ್ರ ಬರೆಯುವವನೊಬ್ಬ ತಡೆಯಲಾರದೆ "ಎಡಗಡೆ, ಎಡಗಡೆ" ಎಂದು ಗಾಜು ಬಡಿದು, ಒಳಗೆ ಆಡುತ್ತಿದ್ದ ನಿವೃತ್ತ ಮೇಷ್ಟ್ರು ಕುರ್ಚಿಯಿಂದ ಬಿದ್ದಿದ್ದರು. ಅಂದಿನಿಂದ ಬಾಗಿಲ ಬಳಿ ಒಂದು ಹೂಜಿ, ನಾಲ್ಕು ಲೋಟ. ಒಳಗೆ ಬರುವಾಗ ಬಾಯಿ ತುಂಬ ನೀರು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳ ಪಕ್ಕದಲ್ಲಿ ಪ್ರೋಗ್ರಾಂ ಬರೆಯುವವನು ಕೆನ್ನೆ ಉಬ್ಬಿಸಿಕೊಂಡು ಕೂತಿದ್ದ. ಏನು ಕೇಳಿದರೂ "ಆಗತ್ತೆ" ಎನ್ನುವ ಅವನಿಗೆ ಕಚೇರಿಯಲ್ಲಿ ಆಗತ್ತೆ ಎಂದೇ ಹೆಸರು. ಹಿಂದೆ ಗೋಡೆಗೊರಗಿ ನಿಂತಿದ್ದ ಸಾಹೇಬರ ಬಾಯಲ್ಲಿ ನೀರಿರಲಿಲ್ಲ. ಅವರು ಏನನ್ನೂ ಕಟ್ಟಿದವರಲ್ಲ. ಕಚೇರಿ ಅವರದು, ಅಷ್ಟೆ.

ಆಟದ ಹೆಸರು 'ಹೊರಗೆ'. ಎರಡೂವರೆ ವರ್ಷ ಅವಳು ಅದನ್ನು ಕಟ್ಟಿದ್ದಳು. ಮಗಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಷ್ಟು ಕಾಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಎರಡು ಕೈಗಳಿಂದ ಆಟ ಶುರುವಾಗುತ್ತದೆ. ಆಡುವವರು ಅರ್ಧ ತೊಳೆದ ಪಾತ್ರೆಯನ್ನು ಸಿಂಕಿನಲ್ಲೇ ಬಿಟ್ಟು, ಇಪ್ಪತ್ತು ಎಣಿಸುವಷ್ಟು ಹೊತ್ತು ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನಿದ್ದರೆ ಬಲಗಡೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಅದರಾಚೆ ಏಳು ಜಾಗಗಳು. ಮೊದಲು ಮರದ ನೆರಳಿನ ಒಂದು ಓಣಿ, ಆಮೇಲೆ ಸೇತುವೆ, ರೈಲು ಹಳಿ, ಹೀಗೇ ಹೋಗಿ ಕೊನೆಯದು ಗುಡ್ಡದ ನೆತ್ತಿಯ ಕಲ್ಲುಬೆಂಚು. ಅಲ್ಲಿ ಒತ್ತುವುದಕ್ಕೆ ಏನೂ ಇಲ್ಲ, ಗೆಲ್ಲುವುದಕ್ಕೂ ಇಲ್ಲ. ಕೂತರೆ ಗಾಳಿ ಬೀಸುತ್ತದೆ, ಬೆಳಕು ನಿಧಾನವಾಗಿ ಬದಲಾಗುತ್ತದೆ. ಬೆಂಚಿನ ಮೇಲಿನ ಆ ಬೆಳಕಿಗೇ ನಾಲ್ಕು ತಿಂಗಳು ಹಿಡಿದಿತ್ತು. ಅಡುಗೆಮನೆಯನ್ನು ಮಾತ್ರ, ಐದು ನಿಮಿಷದಲ್ಲಿ ದಾಟಿ ಹೋಗುವ ಜಾಗ ತಾನೆ ಎಂದು, ಒಂದು ವಾರದಲ್ಲಿ ಮುಗಿಸಿದ್ದಳು. ಪಾತ್ರೆಗಳೆಲ್ಲ ಅವಳ ಮನೆಯವೇ. ಸದ್ದನ್ನೂ ಮನೆಯ ಸಿಂಕಿನ ಪಕ್ಕ ಫೋನ್ ಇಟ್ಟು ಹಿಡಿದಿದ್ದಳು. ತೊಟ್ಟಿಕ್ಕುವ ನಲ್ಲಿಯ ಸದ್ದು ಕೇಳಿ ಅತ್ತೆ, ನಮ್ಮನೆ ನಲ್ಲಿ ರಿಪೇರಿಯಾಗದಿದ್ದರೂ ಪ್ರಸಿದ್ಧವಾಯಿತು ಎಂದಿದ್ದರು.

ಬಾಗಿಲಿಗೆ ಒಂದು ಬಾಣದ ಗುರುತಾದರೂ ಹಾಕು ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದ್ದರು. ಅವಳು ಒಪ್ಪಿರಲಿಲ್ಲ. "ಬಾಣ ತೋರಿಸಿದ್ರೆ ಅದು ಹೊರಡೋದಲ್ಲ, ಕಳಿಸೋದು," ಎಂದಿದ್ದಳು.

ಆಟ ಬಿಡುಗಡೆಯಾಗಿ ಐದು ತಿಂಗಳಾದರೂ ಆಡಿದವರಲ್ಲಿ ನೂರಕ್ಕೆ ಮೂವರು ಮಾತ್ರ ಬಾಗಿಲು ತೆರೆದಿದ್ದರು. ಆ ಮೂವರಲ್ಲಿ ಇಬ್ಬರು ಆಡುತ್ತ ಆಡುತ್ತ ನಿದ್ದೆ ಹೋಗಿರಬೇಕು ಎಂದು ಆಗತ್ತೆಯ ಅಂದಾಜು. ಉಳಿದವರು ತೊಳೆಯುತ್ತಿದ್ದರು. ಎಲ್ಲ ತೊಳೆದು ಮುಗಿದರೆ ಮತ್ತೆ ಮೊದಲಿನಿಂದ ಶುರು ಮಾಡಿ ತೊಳೆಯುತ್ತಿದ್ದರು. ದಿನವೂ ಪತ್ರಗಳು ಬರುತ್ತಿದ್ದವು. ಹಾಲು ಉಕ್ಕಿ ತಳ ಹಿಡಿದ ಪಾತ್ರೆ ಕೊಡಿ. ಬಾಟಲಿಯೊಳಗೆ ಹೋಗುವ ಬ್ರಷ್ ಕೊಡಿ. ಲಾರಿ ಓಡಿಸುವವನೊಬ್ಬ, ಲೋಟ ಬೋರಲು ಹಾಕುವ ಸದ್ದು ಕೇಳದೆ ತನಗೆ ಈಗ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದ. ಓದುವಾಗ ಅವಳಿಗೆ ತನ್ನನ್ನು ಯಾರೋ ಭುಜ ಹಿಡಿದು ಮತ್ತೆ ಸಿಂಕಿನ ಮುಂದೆ ನಿಲ್ಲಿಸಿದಂತಾಗುತ್ತಿತ್ತು. ಮನೆಯಲ್ಲಿ ಬೆಳಿಗ್ಗೆ ಒಂದು ರಾಶಿ, ಸಂಜೆ ಒಂದು ರಾಶಿ. ನಡುವೆ ಇಲ್ಲಿ ಇದು.

ಕಳೆದ ವಾರ ಸಾಹೇಬರು ಕರೆದು ಕೂರಿಸಿ, ಬಾಗಿಲಿನ ಆಚೆಯದನ್ನೆಲ್ಲ ತೆಗೆದುಬಿಡೋಣ, ಫೋನಿನಲ್ಲಿ ಆ ಏಳು ಜಾಗ ಹಿಡಿಯುವ ಕಡೆ ನಲವತ್ತು ಹೊಸ ಪಾತ್ರೆ ಹಿಡಿಸುತ್ತವೆ ಎಂದರು. ದನಿ ಏರಿಸಲಿಲ್ಲ. ಅವಳು ಒಂದೇ ಒಂದು ಅವಕಾಶ ಕೇಳಿದಳು. ಈ ಆಟದ ಗಂಧಗಾಳಿ ಇಲ್ಲದ ಒಬ್ಬರನ್ನು ಕರೆಸಿ; ಯಾರೂ ಹೇಳಿಕೊಡದೆ ಅವರು ಹೊರಗೆ ಹೋದರೆ ಏಳು ಜಾಗಗಳೂ ಉಳಿಯಬೇಕು, ಹೋಗದಿದ್ದರೆ ನಾನೇ ನನ್ನ ಕೈಯಾರೆ ಅಳಿಸುತ್ತೇನೆ. ಸಾಹೇಬರು ಒಪ್ಪಿ ಅರ್ಧ ಗಂಟೆ ಕೊಟ್ಟಿದ್ದರು.

ಅದರಲ್ಲಿ ಈಗ ಹದಿನೆಂಟು ನಿಮಿಷ ಕಳೆದಿತ್ತು. ಆಟದಲ್ಲಿ ಒಂದು ಬಾಣಲೆ, ನಾಲ್ಕು ಲೋಟ ಬಾಕಿ ಇದ್ದವು.

ಹೊಲಿಗೆಯಮ್ಮನ ಫೋನ್ ರಿಂಗಾಯಿತು. ಗಾಜಿನ ಈಚೆ ಅವಳು ಮುಂದಕ್ಕೆ ಬಾಗಿದಳು. ಎತ್ತಬೇಕಾದರೆ ಬಾಣಲೆ ಬಿಡಲೇಬೇಕು, ಮಾತು ಇಪ್ಪತ್ತು ಎಣಿಕೆ ದಾಟೇ ದಾಟುತ್ತದೆ. ಹೊಲಿಗೆಯಮ್ಮ ಎಡಗೈಯಿಂದ ಫೋನ್ ತೆಗೆದು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು. ಬಲಗೈ ಉಜ್ಜುತ್ತಲೇ ಇತ್ತು. "ಕಪಾಟಿನ ಮೇಲಿನ ಅರೆ, ಎಡಕ್ಕೆ. ಇನ್ನೂ ಎಡಕ್ಕೆ. ನಿನ್ನ ಕಣ್ಣು ಎಲ್ಲಿಟ್ಟಿದೀಯ?" ಎಂದು ಹೇಳಿ ಫೋನ್ ಇಟ್ಟರು. ಆಗತ್ತೆಯ ಮೂಗಿನಿಂದ ನಗು ಬಂದು, ನೀರು ನೆತ್ತಿಗೇರಿ, ಅವನು ಮುಖ ಕೆಂಪಗೆ ಮಾಡಿಕೊಂಡು ಕೂತ.

ಬಾಣಲೆ ಮುಗಿಯಿತು. ಒಂದು ಲೋಟ ಮುಗಿಯಿತು. ಎರಡನೆಯ ಲೋಟ ಅರ್ಧವಾದಾಗ ಹೊಲಿಗೆಯಮ್ಮ ನಿಲ್ಲಿಸಿದರು. ಕನ್ನಡಕ ತೆಗೆದು ಬಾಯಿಯ ಹಬೆ ಕೊಟ್ಟು, ಕೈಚೀಲದಿಂದ ಒಂದು ಬಟ್ಟೆಯ ಚೂರು ತೆಗೆದು ಒಂದು ಗಾಜು ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು, ಇನ್ನೊಂದನ್ನು ಒರೆಸಿದರು. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹದಿನೇಳು. ಹದಿನೆಂಟು. ಬಾಯಲ್ಲಿನ ನೀರು ಬೆಚ್ಚಗಾಗಿತ್ತು.

ಪರದೆಯ ಬಲಗಡೆ ಬಾಗಿಲು ತೆರೆಯಿತು. ಅಡುಗೆಮನೆಯ ನೆಲದ ಮೇಲೆ ಬೆಳಕಿನ ಒಂದು ಪಟ್ಟಿ ಬಿತ್ತು.

ಹೊಲಿಗೆಯಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಅವರ ಮುಖ ಬಿಗಿಯಿತು. ಬೆರಳು ಲೋಟದ ಕಡೆ ಹೋಗಲಿಲ್ಲ, ನೇರ ಬಾಗಿಲ ಕಡೆ ಹೋಯಿತು. ಬಾಗಿಲಿನ ಅಂಚು ಹಿಡಿದು ಎಡಕ್ಕೆ ಎಳೆದರು. ಮತ್ತೆ ಎಳೆದರು. ಅವರು ಅದನ್ನು ಮುಚ್ಚಲು ನೋಡುತ್ತಿದ್ದಾರೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎರಡೂವರೆ ವರ್ಷದಲ್ಲಿ, ಈ ಬಾಗಿಲನ್ನು ಯಾರಾದರೂ ಮುಚ್ಚಲು ಬಯಸಬಹುದು ಎಂಬುದು ಅವಳ ತಲೆಗೆ ಬಂದಿರಲೇ ಇಲ್ಲ. ಮುಚ್ಚುವ ದಾರಿಯನ್ನು ಅವಳು ಕೊಟ್ಟಿರಲಿಲ್ಲ. ಹೊಲಿಗೆಯಮ್ಮ ಸಿಟ್ಟಿನಿಂದ ಎರಡು ಸಲ ಒತ್ತಿದರು. ಒತ್ತಿದ್ದಕ್ಕೆ ಆಟ, ತನಗೆ ಕಲಿಸಿದಂತೆ, ಅವರನ್ನು ಓಣಿಗೆ ಕರೆದುಕೊಂಡು ಹೋಯಿತು.

ಮರದ ನೆರಳು ಅಲ್ಲಾಡಿತು. ದೂರದಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಆಗತ್ತೆ ಅವಳ ತೋಳು ತಿವಿದು ಹೆಬ್ಬೆರಳು ತೋರಿಸಿದ.

"ಇದೆಲ್ಲಿಗೆ ಬಂದೆ ನಾನು?" ಎಂದರು ಹೊಲಿಗೆಯಮ್ಮ, ಯಾರಿಗೂ ಅಲ್ಲದೆ. ಮೇಲೆ ಕೆಳಗೆ, ಮೂಲೆಮೂಲೆ ಒತ್ತಿದರು. ಗೋಡೆ ಒತ್ತಿದರು. ಆಮೇಲೆ ಕನ್ನಡಿಯ ಕಡೆ ತಿರುಗಿ, ಕಳೆದುಹೋದ ಮಗುವಿನಂತೆ ಕೇಳಿದರು: "ಒಳಗೆ ಹೋಗೋದು ಹೇಗಮ್ಮಾ? ಇನ್ನೂ ಮೂರು ಲೋಟ ಇತ್ತು."

ಒಳಗೆ ಹೋಗುವ ದಾರಿ ಇರಲಿಲ್ಲ. ಹೊರಟವರು ಹಿಂದಿರುಗಬಾರದು ಎಂದು ಅವಳು ಬೇಕೆಂದೇ ಹಾಗೆ ಮಾಡಿದ್ದಳು. ಬಾಯಲ್ಲಿದ್ದ ನೀರನ್ನು ನುಂಗಿ, ಎದ್ದು, ಒಳಗೆ ಹೋದಳು.

ಹೊಲಿಗೆಯಮ್ಮ ತಾನೇನೋ ತಪ್ಪು ಒತ್ತಿದೆನೆಂದು ಪರದೆಯನ್ನು ಮೇಜಿನ ಮೇಲೆ ದೂರ ತಳ್ಳಿ ಕೂತಿದ್ದರು. ತಪ್ಪೇನೂ ಆಗಿಲ್ಲ ಎಂದು ಅವಳು ಸಮಾಧಾನ ಹೇಳಿದಳು. ಅವರು ಮೆಲ್ಲಗೆ ಮಾತಿಗೆ ಬಂದರು. ಮುಂದಿನ ಕೋಣೆಯಲ್ಲೇ ಅಂಗಡಿ, ಮನೆಯಲ್ಲಿ ಆರು ಜನ, ಅಳತೆ ಕೊಡಲು ಬಂದವರೂ ನೀರು ಕೇಳಿ ಲೋಟ ಅಲ್ಲೇ ಇಟ್ಟು ಹೋಗುತ್ತಾರೆ. "ಮನೇಲಿ ಒಂದು ಲೋಟ ತೊಳೆದು ಬೋರಲು ಹಾಕಿ ತಿರುಗೋಷ್ಟರಲ್ಲಿ ಅದು ಮತ್ತೆ ಎಂಜಲು. ಇಲ್ಲಿ ಇಟ್ಟಿದ್ದು ಇಟ್ಟ ಹಾಗೇ ಇರತ್ತೆ ನೋಡಿ. ನೋಡ್ತಾ ಕೂರೋಣ ಅನ್ಸತ್ತೆ."

ಬಾಗಿಲು ತೆರೆದಾಗ ಆಚೆ ಏನಿದೆ ಎಂದು ನೋಡಬೇಕೆನಿಸಲಿಲ್ಲವೇ ಎಂದು ಅವಳು ಕೇಳಿದಳು.

"ಆಚೆ ಏನಿರತ್ತೆ? ಯಾರೋ ಬಂದ್ರು ಅಂದ್ಕೊಂಡೆ." ಹೊಲಿಗೆಯಮ್ಮ ನಕ್ಕರು. "ಬಾಗಿಲು ತೆರೀತು ಅಂದ್ರೆ ಯಾರೋ ಬಂದ್ರು ಅಂತ್ಲೇ ಅಲ್ವಾ ನಮಗೆ? ನೀವೂ ಮನೆಮಾಡಿರೋರು, ನಿಮಗೆ ಹೇಳಬೇಕಾ. ಒಂದು ಚಿಲಕ ಹಾಕ್ಸಿ ಅಮ್ಮ. ಒಳಗಡೆಯಿಂದ."

ಅವರನ್ನು ಮೆಟ್ಟಿಲವರೆಗೆ ಬಿಟ್ಟು ಬರುವಷ್ಟರಲ್ಲಿ ಸಾಹೇಬರು ಅವಳ ಮೇಜಿನ ಬಳಿ ಕಾಯುತ್ತಿದ್ದರು. ಅವರು ಮೋಸದ ಮನುಷ್ಯರಲ್ಲ. "ಹೋಗಿದ್ದು ಹೋಗಿದ್ದೇ," ಎಂದರು. "ಮಾತು ಮಾತೇ. ಏಳೂ ಇರಲಿ."

ಅವಳು ಕುರ್ಚಿ ಎಳೆದು ಕೂತಳು. ಆ ಒಂದು ಮಾತಿಗಾಗಿ ಒಂದು ವಾರದಿಂದ ಅವಳಿಗೆ ಊಟ ಸೇರಿರಲಿಲ್ಲ. ಈಗ ಅದನ್ನು ತೆಗೆದುಕೊಂಡು ಎದ್ದು ಹೋಗಬಹುದಿತ್ತು. ಪರದೆಯ ಮೇಲೆ ಇನ್ನೂ ಓಣಿಯೇ ಇತ್ತು, ಅದರಲ್ಲಿ ಯಾರೂ ಇರಲಿಲ್ಲ.

"ಅವರು ಹೋಗಲಿಲ್ಲ ಸಾರ್," ಎಂದಳು. "ನಾನು ಆಚೆ ಹಾಕಿದೆ."

ಏಳನ್ನೂ ತೆಗೆಯಬೇಕು, ಬಾಗಿಲು ಮಾತ್ರ ಇರಲಿ, ಅದಕ್ಕೆ ಒಳಗಡೆಯಿಂದ ಒಂದು ಚಿಲಕ ಬೇಕು ಎಂದು ಅವಳು ಹೇಳಿದಾಗ ಆಗತ್ತೆಯ ಬಾಯಿಂದ ಎಂದಿನ ಆ ಒಂದು ಪದ ಬರಲಿಲ್ಲ. ಸುಮ್ಮನೆ ತನ್ನ ಕುರ್ಚಿ ಬಿಟ್ಟು ಎದ್ದು, ಅವಳಿಗೆ ಜಾಗ ಮಾಡಿಕೊಟ್ಟ. ಅವಳು ಕೊನೆಯಿಂದ ಶುರು ಮಾಡಿದಳು. ಬೆಂಚನ್ನು ಒಂದು ಸಲ ತೆರೆದು, ಬೆಳಕು ಕಲ್ಲಿನ ಈ ತುದಿಯಿಂದ ಆ ತುದಿಗೆ ಹೋಗುವವರೆಗೆ ನೋಡಿ, ಅಳಿಸಿದಳು. ಆರನೆಯದು, ಐದನೆಯದು. ಎರಡೂವರೆ ವರ್ಷ ಹೋಗುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಬಾಗಿಲಿನ ಹಿಂದೆ ಈಗ ಏನೂ ಇರಲಿಲ್ಲ. ಅಲ್ಲಿಗೆ ಒಂದು ಬೂದು ಬಣ್ಣ ಬಳಿದು, ಚಿಲಕದ ಚಿತ್ರ ಬರೆಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಚಿತ್ರವೇನೋ ಆಯಿತು. ಸದ್ದು ಬೇಕಿತ್ತು.

ಸಂಜೆ ಮನೆಗೆ ಬಂದು ಬ್ಯಾಗ್ ಇಟ್ಟು ಸೀದಾ ಸಿಂಕಿನ ಮುಂದೆ ನಿಂತಳು. ಅತ್ತೆ ಟಿವಿ ಮುಂದೆ ಬಟ್ಟೆ ಮಡಿಸುತ್ತಿದ್ದರು, ಮಗಳು ನೆಲದ ಮೇಲೆ ನಕ್ಷೆಗೆ ಬಣ್ಣ ಹಚ್ಚುತ್ತಿದ್ದಳು, ಗಂಡ ಇಸ್ತ್ರಿಪೆಟ್ಟಿಗೆಯ ವೈರು ಬಿಚ್ಚಿ ಕೂತಿದ್ದ. ಬಾಣಲೆ ಉಜ್ಜುತ್ತಲೇ ಅವಳು ಮನೆಯಲ್ಲಿ ಚಿಲಕ ಎಲ್ಲಿದೆ ಎಂದು ಹುಡುಕಿದಳು. ಅಡುಗೆಮನೆಗೆ ಬಾಗಿಲೇ ಇಲ್ಲ. ಮಲಗುವ ಕೋಣೆಯ ಚಿಲಕವನ್ನು, ಮಗಳು ಮೂರು ವರ್ಷದವಳಿದ್ದಾಗ ಒಳಗೆ ಸಿಕ್ಕಿಕೊಂಡಿದ್ದಳೆಂದು, ಗಂಡ ಬಿಚ್ಚಿದವನು ಮತ್ತೆ ಹಾಕಿರಲಿಲ್ಲ. ಮುಂಬಾಗಿಲಿನದು ಬೀಗ. ಬಚ್ಚಲುಮನೆಯದೊಂದೇ ಉಳಿದಿತ್ತು, ಹಳೆಯ ಕಬ್ಬಿಣದ್ದು, ಸ್ವಲ್ಪ ಎತ್ತಿ ತಳ್ಳಬೇಕು.

ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿ, ಫೋನನ್ನು ಸೋಪಿನ ಗೂಡಿನಲ್ಲಿ ನಿಲ್ಲಿಸಿ, ಚಿಲಕ ಎತ್ತಿ ತಳ್ಳಿದಳು. ಸದ್ದು ಚೆನ್ನಾಗಿತ್ತು. ಅದರ ಬಾಲಕ್ಕೇ ಮಗಳ ದನಿ ಸೇರಿಕೊಂಡಿತು: "ಅಮ್ಮಾ, ನನ್ನ ನೀಲಿ ಪೆನ್ಸಿಲ್ ಎಲ್ಲಿ?" ಅಳಿಸಿ ಮತ್ತೆ ಹಿಡಿದಳು. ಈ ಸಲ ಗಂಡ, ಸಣ್ಣ ಸ್ಕ್ರೂಡ್ರೈವರ್ ನೋಡಿದೆಯಾ ಎಂದ. ಮೂರನೆಯದರಲ್ಲಿ ಟಿವಿಯ ಜಾಹೀರಾತು. ನಾಲ್ಕನೆಯದರಲ್ಲಿ ಅತ್ತೆ, ಗಟ್ಟಿಯಾಗಿ, ಗದರುವ ದನಿಯಲ್ಲೇನೂ ಅಲ್ಲ: "ಬಾಣಲೆ ಅರ್ಧಕ್ಕೇ ಬಿಟ್ಟಿದಾಳೆ, ಎಲ್ಲಿ ಹೋದ್ಲು ಇವಳು?"

ಐದನೆಯದಕ್ಕೆ ಚಿಲಕ ತಳ್ಳಿ ಕಾದಳು. ಲೋಹಕ್ಕೆ ಲೋಹ ತಾಗಿ ನಿಂತ ಸದ್ದು. ಆಮೇಲೆ ಏನೂ ಇಲ್ಲ. ಬೇಕಾದದ್ದು ಸಿಕ್ಕಿತ್ತು. ಫೋನಿನಲ್ಲಿ ಕೆಂಪು ಚುಕ್ಕೆ ಮಿಣುಕುತ್ತಿತ್ತು, ಸೆಕೆಂಡುಗಳ ಎಣಿಕೆ ಏರುತ್ತಿತ್ತು. ಅದನ್ನು ನಿಲ್ಲಿಸಲು ಕೈ ಚಾಚಿದವಳು ನಿಲ್ಲಿಸಲಿಲ್ಲ.

ಹೆಜ್ಜೆಯ ಸದ್ದು ಬಂದು ಬಾಗಿಲ ಹೊರಗೆ ನಿಂತಿತು. "ಒಳಗಿದೀಯಾ?" ಎಂದ ಗಂಡ.

ಅವಳು ನಲ್ಲಿಯನ್ನು ಒಂದಿಷ್ಟೇ ತಿರುಗಿಸಿ, ಬೊಗಸೆಯೊಡ್ಡಿ, ಬಾಯಿ ತುಂಬ ನೀರು ತುಂಬಿಕೊಂಡಳು. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು.