ಏಳನೇ ಮನೆಯ ಫ್ಯೂಸು

ಅಣ್ಣನಿಗೆ ಇಲ್ಲದ ಅಂಗೈ ತುರಿಸುತ್ತದೆ. ಆಸ್ಪತ್ರೆಯ ಮಂಚದ ಮೇಲೆ ಹಲ್ಲು ಕಚ್ಚಿಕೊಂಡು ಹೇಳುತ್ತಾನೆ, “ಇಲ್ಲಿ, ಹೆಬ್ಬೆರಳ ಬುಡದಲ್ಲಿ.” ಅತ್ತಿಗೆ ಗಾಳಿಯನ್ನೇ ಮೆಲ್ಲಗೆ ಕೆರೆಯುತ್ತಾಳೆ. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಎಡಗೈಯನ್ನು ಹೆಬ್ಬೆರಳೊಂದು ಬಿಟ್ಟು ಬಟ್ಟೆಯ ಉಂಡೆಯ ಹಾಗೆ ಸುತ್ತಿದ್ದಾರೆ.

ನನ್ನಣ್ಣ ಲೈನ್‌ಮ್ಯಾನ್. ಕಂಟ್ರಾಕ್ಟಿನವನು. ಹನ್ನೊಂದು ವರ್ಷ ಕಂಬ ಹತ್ತಿದ್ದಾನೆ. ಕೈಗವಸು ಕೊಟ್ಟಿದ್ದು ಒಂದೇ ಸಲ, ಫೋಟೊ ತೆಗೆಯುವ ದಿನ. ಫೋಟೊ ಆದ ಮೇಲೆ ವಾಪಸು ಇಸಕೊಂಡರು.

ಹಾಗಾಗಿ ಕಂಬದವರು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ಆಫೀಸಿಗೆ ಹೇಳಿ ಲೈನಿನ ಕರೆಂಟು ತೆಗೆಸಿದರೆ ಸಾಲದು. ಈಗ ಅನುಕೂಲಸ್ಥರ ಮನೆಗೆಲ್ಲ ಜನರೇಟರು. ಅದನ್ನು ಹೇಗೆಂದರೆ ಹಾಗೆ ಸಿಕ್ಕಿಸಿದರೆ ಕರೆಂಟು ಮನೆಯೊಳಗೆ ನಿಲ್ಲುವುದಿಲ್ಲ, ಮೀಟರು ದಾಟಿ ಹಿಂದಕ್ಕೆ ಹರಿದು ಕಂಬಕ್ಕೆ ಬರುತ್ತದೆ. ಅದಕ್ಕೇ ಹತ್ತುವ ಮುಂಚೆ ಜನರೇಟರಿರುವ ಮನೆಗಳಿಗೆಲ್ಲ ಹೋಗಿ, ಮೀಟರಿನ ಪಕ್ಕದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಇಳಿದ ಮೇಲೆ ಒಂದೊಂದಾಗಿ ವಾಪಸು ಕೊಡುವುದು. ಜೇಬಲ್ಲಿ ಪಿಂಗಾಣಿ ಫ್ಯೂಸುಗಳು ಕಿಣಿಕಿಣಿ ಅನ್ನುತ್ತಿದ್ದರೆ ಅಣ್ಣ ಕಂಬದ ತುದಿಯಲ್ಲೂ ಹಾಡು ಗುನುಗುತ್ತಿದ್ದ.

ನಮ್ಮಜ್ಜಿಯ ಕಥೆಯಲ್ಲಿ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯೊಳಗೆ ಬಚ್ಚಿಟ್ಟಿದ್ದ. ಬಚ್ಚಿಡುವ ಜಾಗವನ್ನಾದರೂ ಅವನೇ ಆರಿಸಿಕೊಂಡಿದ್ದ. ನನ್ನಣ್ಣನ ಪ್ರಾಣ ಜನರೇಟರಿದ್ದ ಏಳು ಮನೆಯವರ ಗೋಡೆಯಲ್ಲಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ಅವತ್ತು ಬೆಳಿಗ್ಗೆ ಗಾಳಿಗೆ ತಂತಿ ಹರಿದಿತ್ತು. ಆರು ಮನೆಯವರು ಫ್ಯೂಸು ಕೊಟ್ಟರು. ಏಳನೆಯದು ಮಹಡಿ ಮನೆ. ಯಜಮಾನರು ಗೇಟಿಗೇ ಬಂದು ಅಡ್ಡ ನಿಂತರು. ಇದೆಲ್ಲ ಪಕ್ಕದಲ್ಲೇ ಇದ್ದ ಉದ್ದಣ್ಣ ಹೇಳಿದ್ದು. ಗ್ಯಾಂಗಿನಲ್ಲಿ ಎಲ್ಲರಿಗಿಂತ ಕುಳ್ಳ ಅವನು.

“ಸಾರ್, ಫ್ಯೂಸು,” ಅಂದ ಅಣ್ಣ.

“ನನ್ನ ಮನೆ ಫ್ಯೂಸು ನಿನ್ನ ಜೇಬಲ್ಲಾ? ಚೆನ್ನಾಗಿದೆ. ಬೀಗದಕೈನೂ ಕೊಟ್ಟುಬಿಡ್ಲಾ?”

“ಹಾಗಲ್ಲ ಸಾರ್. ನಿಮ್ಮದು ಎರಡೂ ತುದೀಲಿ ಪಿನ್ನಿರೋ ವಯರು. ಸೀದಾ ಗೋಡೆ ಪ್ಲಗ್ಗಿಗೆ ಚುಚ್ತೀರಿ. ಹೋದ ವರ್ಷಾನೇ ಹೇಳಿದ್ದೆ, ಚೇಂಜ್ ಓವರ್ ಸ್ವಿಚ್ ಹಾಕಿಸಿ ಅಂತ. ಹಿಡಿ ಈ ಕಡೆ ತಳ್ಳಿದ್ರೆ ಲೈನು, ಆ ಕಡೆ ತಳ್ಳಿದ್ರೆ ಜನರೇಟರು. ಎರಡೂ ಸೇರೋ ಮಾತೇ ಇಲ್ಲ.”

“ಆ ಕಬ್ಬಿಣದ ಡಬ್ಬ ಮುಂದಿನ ಕೋಣೆ ಗೋಡೆ ಮೇಲೆ ಹೇಗೆ ಕಾಣುತ್ತೆ ಗೊತ್ತಾ? ಬಂದವರು ಏನಂದ್ಕೋತಾರೆ?”

“ಹೋಗ್ಲಿ ಸಾರ್, ಇವತ್ತಿನ ಮಟ್ಟಿಗೆ ಫ್ಯೂಸು…”

“ಮೇನು ಆಫ್ ಮಾಡಿದೀನಿ ಕಣಯ್ಯ! ನನ್ನ ಮಾತಿಗಿಂತ ಪಿಂಗಾಣಿ ಚೂರು ಹೆಚ್ಚಾಯ್ತಾ ನಿಂಗೆ?”

ಅಣ್ಣ ಅಲ್ಲೇ ತಪ್ಪಿದ. ದೊಡ್ಡವರ ಮಾತು ನಂಬದಿದ್ದರೆ ದೂರು ಹೋಗುತ್ತದೆ. ದೂರು ಹೋದರೆ ಕಂಟ್ರಾಕ್ಟಿನವನಿಗೆ ನಾಳೆಯಿಂದ ಕೆಲಸವಿಲ್ಲ. ಆರು ಫ್ಯೂಸು, ಒಂದು ಮಾತು, ಎಲ್ಲ ಜೇಬಿಗೆ ಹಾಕಿಕೊಂಡು ಹತ್ತಿದ.

ತಂತಿಯ ಒಂದು ತುದಿ ಕಟ್ಟಿಯಾಗಿತ್ತು. ಅಷ್ಟರಲ್ಲಿ ಮಹಡಿ ಮನೆಯ ಹಿತ್ತಲಲ್ಲಿ ಜನರೇಟರು ಗುಡುಗಿತು. ಮೇನು ಆಫ್ ಆಗಿರಲೇ ಇಲ್ಲ.

ಸೊಂಟಕ್ಕೆ ಹಗ್ಗವಿತ್ತು, ಅಣ್ಣ ಬೀಳಲಿಲ್ಲ. ನೇತಾಡಿದ. ಉದ್ದಣ್ಣ ಗೇಟು ಹಾರಿ ಓಡಿ, ಜನರೇಟರು ನಿಲ್ಲಿಸುವವರೆಗೂ ನೇತಾಡಿದ. “ಯಾರೋ ನೀನು, ಕೇಳದೆ ಒಳಗೆ ನುಗ್ತೀಯ?” ಅಂತ ಯಜಮಾನರು ಕೂಗಿದರಂತೆ. ಫ್ರಿಜ್ಜಿನಲ್ಲಿ ಐಸ್‌ಕ್ರೀಮು ಕರಗುತ್ತಿತ್ತಂತೆ.

ನಾಲ್ಕನೇ ದಿನ ಇಂಜಿನಿಯರ್ ಸಾಹೇಬರು ವಾರ್ಡಿಗೆ ಬಂದರು. ಕೈಯಲ್ಲಿ ಟೈಪು ಮಾಡಿದ ಹಾಳೆ, ಇಂಕಿನ ಪ್ಯಾಡು. ಅತ್ತಿಗೆ ಹಾಳೆ ಇಸಕೊಂಡು ಗಟ್ಟಿಯಾಗಿ ಓದಿದಳು.

“‘ಇಲಾಖೆ ಒದಗಿಸಿದ ಕೈಗವಸು ಧರಿಸದೆ, ಮನೆ ಮಾಲೀಕರಿಗೆ ತಿಳಿಸದೆ, ಸ್ವಂತ ನಿರ್ಲಕ್ಷ್ಯದಿಂದ… ಸದರಿ ಮನೆಯಲ್ಲಿ ಚೇಂಜ್ ಓವರ್ ಸ್ವಿಚ್ ಸುಸ್ಥಿತಿಯಲ್ಲಿರುತ್ತದೆ.’”

“ಇರುತ್ತದಾ?” ಅಂದೆ ನಾನು.

“ಇದೆಯಮ್ಮ. ನಾನೇ ಕಣ್ಣಾರೆ ನೋಡಿಬಂದೆ.”

ನಿಜ. ಹಿಂದಿನ ದಿನ ನಾನೂ ಕಿಟಕಿಯಿಂದ ನೋಡಿದ್ದೆ. ಆ ಚಂದದ ಗೋಡೆಯ ಮೇಲೆ ಡಬ್ಬ ಕೂತಿತ್ತು. ಸುತ್ತ ಸಿಮೆಂಟು ಒದ್ದೆ. ಇಷ್ಟು ದಿನ ಗೋಡೆಯ ಅಂದ ಕೆಡಿಸುತ್ತಿದ್ದ ಡಬ್ಬ, ಅಣ್ಣನ ಕೈ ಹೋದ ಮೂರನೇ ದಿನಕ್ಕೆ ಒಪ್ಪಿಬಿಟ್ಟಿತ್ತು.

“ಸಿಮೆಂಟು ಒಣಗೋವರೆಗಾದ್ರೂ ಕಾಯಬಹುದಿತ್ತು ಸಾಹೇಬ್ರೇ,” ಅಂದಳು ಅತ್ತಿಗೆ.

“ನೋಡಮ್ಮ, ಒತ್ತಿದ್ರೆ ಆಫೀಸಲ್ಲಿ ಕೂರೋ ಕೆಲಸ ಕೊಡಿಸ್ತೀನಿ. ಇಲ್ದಿದ್ರೆ ಏನೂ ಸಿಗಲ್ಲ. ಎಡಗೈ ಹೆಬ್ಬೆರಳು ಹೊರಗಿದೆಯಲ್ಲ, ಅಷ್ಟು ಸಾಕು.” ಅವರೇ ಪ್ಯಾಡಿನ ಮುಚ್ಚಳ ತೆಗೆದರು.

ಮಂಚದ ಸುತ್ತ ಗ್ಯಾಂಗಿನ ಎಂಟು ಜನ ನಿಂತಿದ್ದರು. ಅಣ್ಣ ಹೆಂಡತಿಯ ಮುಖ ನೋಡಿದ. ಮನೆಯ ಡಬ್ಬಗಳು ಖಾಲಿಯಾಗಿರುವುದು ಅವನಿಗೂ ಗೊತ್ತು.

“ಒತ್ತಿಬಿಡ್ಲಾ?”

“ಇದಕ್ಕೆ ನೀವು ಒತ್ತಿದ್ರೆ, ನಾಳೆ ಇನ್ನೊಬ್ಬಳ ಗಂಡ ಇದೇ ಹಾಳೆ ನಂಬಿಕೊಂಡು ಕಂಬ ಹತ್ತಬೇಕು,” ಅಂದಳು ಅತ್ತಿಗೆ. ಹಾಳೆಯನ್ನು ಮಗುಚಿ ಹಾಕಿದಳು. ಸಾಹೇಬರ ಜೇಬಿನಿಂದಲೇ ಪೆನ್ನು ಎಳೆದುಕೊಂಡಳು. “ಏನಾಯ್ತೋ ನೀವೇ ಹೇಳಿ. ನಾನು ಬರೀತೀನಿ.”

ಅಣ್ಣ ಹೇಳಿದ. ಎರಡು ತುದಿಯ ವಯರು. ಕೊಡದ ಫ್ಯೂಸು. ಫೋಟೊದ ಕೈಗವಸು. ಹೇಳಿ ಮುಗಿಸಿ ಹೆಬ್ಬೆಟ್ಟು ಒತ್ತಿದ. ನೋವಿಗೆ ಕಣ್ಣಲ್ಲಿ ನೀರು ಬಂತು. ಉದ್ದಣ್ಣ ಮುಂದೆ ಬಂದ. “ಜಾಗ ಬಿಡ್ರಪ್ಪ. ಆಳು ಗಿಡ್ಡ ಇದ್ರೂ ಸಹಿ ಉದ್ದ ಇದೆ.” ಆಮೇಲೆ ಉಳಿದ ಏಳು ಜನ.

“ಎಲ್ಲರ ಕೆಲಸಾನೂ ಹೋಗುತ್ತೆ,” ಅಂದರು ಸಾಹೇಬರು.

“ಹೋಗ್ಲಿ ಸಾರ್. ಆ ಕಂಬ ನೀವೇ ಹತ್ತಿ,” ಅಂದ ಉದ್ದಣ್ಣ.

ಅವತ್ತೇ ಎಂಟೂ ಜನರನ್ನು ತೆಗೆದುಹಾಕಿದರು. ಫ್ಯೂಸು ಕೊಟ್ಟ ಆರು ಮನೆಗೂ ಅತ್ತಿಗೆ ಹಾಳೆ ಹಿಡಿದು ಹೋದಳು. ನಾಲ್ಕು ಮನೆಯವರು ಸಹಿ ಹಾಕಿದರು. ಎರಡು ಮನೆಯವರು ಬಾಗಿಲು ತೆಗೆಯಲಿಲ್ಲ. ಹರಿದ ತಂತಿ ಹಾಗೇ ಜೋತಾಡುತ್ತಿತ್ತು.

ಒಂಬತ್ತನೇ ದಿನ ಕಂಟ್ರಾಕ್ಟರು ಬೇರೆ ಊರಿಂದ ಹೊಸ ಗ್ಯಾಂಗು ಕರೆಸಿದ. ಅವರು ಏಣಿ ಇಳಿಸಿ ಕಂಬಕ್ಕೆ ಆನಿಸಿದರು. ಅತ್ತಿಗೆ ಏಣಿಯ ಬುಡದಲ್ಲಿ ನಿಂತು ಹಾಳೆ ಓದಿದಳು. ಅವರ ಮೇಸ್ತ್ರಿ, ನರೆತ ಮೀಸೆಯವನು, ಪೂರ್ತಿ ಕೇಳಿದ. ಮಹಡಿ ಮನೆಯ ಕಡೆ ಒಮ್ಮೆ ನೋಡಿದ. ಏಣಿಯನ್ನು ಮತ್ತೆ ಲಾರಿಗೆ ಹಾಕಿಸಿದ.

ಹೊರಡುವ ಮುಂಚೆ ಅತ್ತಿಗೆಯ ಹತ್ತಿರ ಪೆನ್ನು ಕೇಳಿದ.