ಬೆಟ್ಟದ ಫಿಟ್ಟರ್ ಹಾಕಿದ ಹೀಟರ್

ದೊಡ್ಡ ಟ್ರೇಲರ್ ಲಾರಿಗಳ ಏಸಿ, ಹೀಟರ್ ರಿಪೇರಿಯಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಆ ಮನುಷ್ಯನನ್ನು ಡ್ರೈವರುಗಳೆಲ್ಲ ತಂಪಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಂಪಣ್ಣನಾದರೂ ಆ ಚಳಿಗಾಲ ಅವನ ಹೊಟ್ಟೆಯೊಳಗೆ ಬೆಂಕಿ ಹೊತ್ತಿಕೊಂಡಿತ್ತು. ಅದನ್ನು ಹಚ್ಚಿದ್ದು ಅವನ ಹೆಂಡತಿಯ ಲಾರಿಯ ಹೀಟರ್.

ಹೆಂಡತಿಯೂ ಟ್ರೇಲರ್ ಓಡಿಸುವವಳೇ. ಬೆಟ್ಟ ಹತ್ತಿಳಿದು ಬಂದರಿಗೆ ಸರಕು ಸಾಗಿಸುತ್ತಿದ್ದಳು. ಚಳಿ ಶುರುವಾಗುವ ಮೊದಲೇ ಅವಳು ಹೇಳಿದ್ದಳು: "ರೀ, ಹೀಟರ್ ಬಿಸಿ ಗಾಳೀನೇ ಬಿಡ್ತಿಲ್ಲ. ಕ್ಲಚ್ ಒತ್ತೋ ಕಾಲು ನಂದೋ ಬೇರೆಯವರದ್ದೋ ಗೊತ್ತಾಗಲ್ಲ. ಸ್ವಲ್ಪ ನೋಡಿ."

"ನೋಡೋಣ" ಎಂದಿದ್ದ. ಷೆಡ್ಡಿನ ಮುಂದೆ ಗಿರಾಕಿಗಳ ಲಾರಿಗಳು ಸಾಲುಗಟ್ಟಿದ್ದವು. ಮನೆಯವಳ ಗಾಡಿ ತಾನೇ, ಎಲ್ಲಿ ಹೋಗುತ್ತದೆ ಎಂಬ ಧೈರ್ಯ. ಹೋಯಿತು. ಬೆಟ್ಟದ ಮೇಲೆ ಅಂಗಡಿ ಇಟ್ಟಿದ್ದ ಇನ್ನೊಬ್ಬ ಫಿಟ್ಟರ್ ಹತ್ತಿರ ಹೋಯಿತು.

"ಎಷ್ಟು ಚೆನ್ನಾಗಿ ಮಾಡಿಕೊಟ್ರು ಗೊತ್ತಾ!" ಎಂದಳು ಅವಳು, ಮನೆಗೆ ಬಂದವಳೇ ಬೂಟು ಬಿಚ್ಚುತ್ತ. "ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೊಸ ಹೀಟರ್ ಕೋರೇ ಹಾಕಿದ್ರು. ನೆಟ್ಟಗೆ ಪಾದಕ್ಕೇ ಬರುತ್ತೆ ಬಿಸಿ. ಕೆಲಸ ಮುಗಿಯೋವರೆಗೂ ಒಲೆ ಪಕ್ಕ ಕುರ್ಚಿ ಹಾಕಿ ಕೂರಿಸಿದ್ರು."

ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುವ ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ, ಗಾಳಿ ಅದನ್ನು ಹಾದು ಬೆಚ್ಚಗಾಗುತ್ತದೆ. ತಂಪಣ್ಣ ಇಂಥ ಎಷ್ಟೋ ಕೋರ್ ಬದಲಾಯಿಸಿದವನು. "ಯಾವುದು ಹಾಕಿದಾನೆ? ತಾಮ್ರದ್ದೋ, ಅಲ್ಯೂಮಿನಿಯಮ್ಮೋ?" ಎಂದು ಕೇಳಿದ.

"ನಂಗೇನು ಗೊತ್ತು? ಬೆಚ್ಚಗಿದೆ."

ಆ 'ಬೆಚ್ಚಗಿದೆ' ಅವನನ್ನು ಸುಟ್ಟಿತು. ಕುರ್ಚಿ ಹಾಕಿ ಕೂರಿಸಿದನಂತೆ! ಮಾರನೆಯ ದಿನ ಷೆಡ್ಡಿಗೆ ಬಂದ ಗಿರಾಕಿಯೊಬ್ಬ ಬೇರೆ, "ಏನು ತಂಪಣ್ಣ, ಮನೆಯವರ ಗಾಡೀನೇ ಬೆಟ್ಟದ ಮೇಲೆ ರಿಪೇರಿ ಆಯ್ತಂತೆ? ನಾವೂ ಅಲ್ಲಿಗೇ ಹೋಗೋಣ್ವಾ?" ಎಂದು ಹಲ್ಲು ಕಿರಿದ. ತಂಪಣ್ಣ ನಕ್ಕಂತೆ ಮಾಡಿದ. ಕೈಯಲ್ಲಿದ್ದ ಸ್ಪ್ಯಾನರ್ ಮಾತ್ರ ನಗಲಿಲ್ಲ. ಬಿಗಿಯುತ್ತಿದ್ದ ಬೋಲ್ಟಿನ ತಲೆ ಮುರಿದು ಕೈಗೆ ಬಂತು.

ಅಂದಿನಿಂದ ಅವನಿಗೆ ಅದೇ ಧ್ಯಾನ. ಆ ಫಿಟ್ಟರ್ ಎಷ್ಟು ಉದ್ದ ಇದ್ದಾನೆ, ಏನೇನು ಮಾತಾಡಿದ, ಇವಳು ನಕ್ಕಳೋ ಇಲ್ಲವೋ. ಕೇಳಲು ಬಾಯಿ ಬರದೆ ಕೋರಿನ ವಿಷಯವನ್ನೇ ತಿರುಗಾಮುರುಗಾ ಕೇಳುತ್ತಿದ್ದ. "ಹನಿ ಬೀಳ್ತಿದೆಯಾ? ವಾಸನೆ ಬರ್ತಿದೆಯಾ?" ಏನೂ ಇಲ್ಲ ಎಂದು ಅವಳು ಅಂದಷ್ಟೂ ಇವನ ಮುಖ ಸಣ್ಣಗಾಗುತ್ತಿತ್ತು.

ಒಂದು ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ಲಾರಿ ಅಂಗಳದಲ್ಲೇ ನಿಂತಿತ್ತು. ತಂಪಣ್ಣ ಡ್ಯಾಶ್‌ಬೋರ್ಡ್ ಬಿಚ್ಚಿದ. ತಪ್ಪು ಹುಡುಕಲು ಬಿಚ್ಚಿದವನಿಗೆ ಒಂದು ತಪ್ಪೂ ಸಿಗಲಿಲ್ಲ. ಕೋರ್ ಅಲ್ಯೂಮಿನಿಯಮ್ಮಿನದು, ಆದರೆ ಅಳತೆಗೆ ಸರಿಯಾದದ್ದು. ಬಿಸಿಗಾಳಿ ಸಂದಿಯಲ್ಲಿ ಸೋರಿಹೋಗದಂತೆ ಸುತ್ತಲೂ ಆ ಫಿಟ್ಟರ್ ಸ್ಪಂಜಿನ ಪಟ್ಟಿ ಅಂಟಿಸಿದ್ದ. ತಂಪಣ್ಣ ಯಾವತ್ತೂ ಪಡದ ಶ್ರಮ ಅದು. ಅವನ ಹೊಟ್ಟೆ ಇನ್ನಷ್ಟು ಉರಿಯಿತು. ಚೆನ್ನಾಗಿಯೇ ಇದ್ದ ಆ ಕೋರನ್ನು ಕಿತ್ತು, ತನ್ನ ಷೆಡ್ಡಿನ ತಾಮ್ರದ ಕೋರ್ ಕೂರಿಸಿದ. ಇನ್ನು ಅವಳ ಕಾಲಿಗೆ ಬರುವ ಬಿಸಿ ನನ್ನದು ಎಂದುಕೊಂಡ. ಬಿಸಿನೀರಿನ ಹೋಸುಗಳನ್ನು ಕೋರಿಗೆ ಹಿಡಿದಿಡುವ ಕ್ಲ್ಯಾಂಪುಗಳಲ್ಲಿ ಒಂದನ್ನು ಬಿಗಿದು, ಇನ್ನೊಂದನ್ನು ಬೆರಳಲ್ಲೇ ತಿರುಗಿಸಿ ಸ್ಕ್ರೂಡ್ರೈವರಿಗೆ ತಡಕಾಡುತ್ತಿದ್ದಾಗ ಗೇಟಿನ ಸದ್ದಾಯಿತು. ಅವಳು ಬೇಗ ಬಂದುಬಿಟ್ಟಿದ್ದಳು. ಗಡಿಬಿಡಿಯಲ್ಲಿ ಎಲ್ಲ ಮುಚ್ಚಿ ಕೆಳಗಿಳಿದ.

"ಏನ್ರೀ, ನನ್ನ ಗಾಡೀಲಿ?"

"ಧೂಳು ಒರೆಸ್ತಿದ್ದೆ."

"ಅಬ್ಬಾ, ಸೂರ್ಯ ಎಲ್ಲಿ ಹುಟ್ಟಿದಾನೆ ಇವತ್ತು?" ಎಂದು ನಕ್ಕಳು. ಎಷ್ಟೋ ದಿನದ ಮೇಲೆ ತನಗಾಗಿ ನಕ್ಕ ನಗು. ಆ ಖುಷಿಯಲ್ಲಿ ಕ್ಲ್ಯಾಂಪಿನ ನೆನಪೇ ಹಾರಿಹೋಯಿತು. ಬೆಳಿಗ್ಗೆ ಅವಳು ಲಾರಿ ಹೊರಡಿಸಿದಳು.

ಮಧ್ಯಾಹ್ನ ಫೋನ್ ಬಂತು. "ಬೆಟ್ಟದ ತಿರುವಲ್ಲಿ ನಿಂತಿದ್ದೀನಿ. ಒಳಗೆಲ್ಲ ಬಿಸಿನೀರು ಚೆಲ್ಲಿ, ಮುಂದಿನ ಗಾಜು ಮಂಜು ಹಿಡಿದ ಹಾಗಾಯ್ತು. ನನಗೇನೂ ಆಗಿಲ್ಲ. ಇಲ್ಲಿಯ ಫಿಟ್ಟರಿಗೆ ಹೇಳಿದ್ದೀನಿ, ಬರ್ತಿದ್ದಾರೆ."

ತಂಪಣ್ಣನಿಗೆ ಆ ಕ್ಲ್ಯಾಂಪ್ ಕಣ್ಣಿಗೆ ಕಟ್ಟಿತು. ಆದರೂ, ಜೀಪು ಹತ್ತುವಾಗ ನಾಲಿಗೆಯ ತುದಿಗೆ ಬಂದ ಮಾತು ಬೇರೆಯೇ: ನನಗಿಂತ ಮೊದಲು ಅವನಿಗೆ ಹೇಳಿದಳಲ್ಲ!

ಅವನು ತಲುಪುವಷ್ಟರಲ್ಲಿ ಕೆಲಸ ಮುಗಿದಿತ್ತು. ಫಿಟ್ಟರ್ ಕೈ ಒರೆಸಿಕೊಳ್ಳುತ್ತ ಲಾರಿಯಿಂದ ಇಳಿದ. ತಂಪಣ್ಣ ಹೆದರಿದ್ದಕ್ಕಿಂತ ಚೆನ್ನಾಗಿದ್ದ ಹಾಳಾದವನು. ಎತ್ತರ, ಅಗಲ ಭುಜ, ನೆತ್ತಿಯ ತುಂಬ ಕೂದಲು. ಅವನು ಕಣ್ಣಲ್ಲೇ ತಂಪಣ್ಣನನ್ನು ಅಳೆದ. ತಾನು ಹಾಕದ ಕೋರ್ ಒಳಗೆ ಕೂತದ್ದನ್ನು ಅವನು ಕಂಡಿದ್ದನೆಂಬುದರಲ್ಲಿ ಸಂಶಯವೇ ಇರಲಿಲ್ಲ. ಆದರೆ ಅವಳ ಕಡೆ ತಿರುಗಿ, "ಕ್ಲ್ಯಾಂಪ್ ಸಡಿಲ ಆಗಿತ್ತು ಮೇಡಂ. ನಾನೇ ಸರಿಯಾಗಿ ಬಿಗಿದಿಲ್ಲ ಅನ್ಸುತ್ತೆ. ತಪ್ಪಾಯ್ತು" ಎಂದ.

"ಅಯ್ಯೋ, ಪರವಾಗಿಲ್ಲ ಬಿಡಿ. ನೀವು ತಕ್ಷಣ ಬಂದ್ರಲ್ಲ, ಅಷ್ಟೇ ಸಾಕು" ಎಂದಳು ಅವಳು, ಎಷ್ಟು ಮೆತ್ತಗೆ!

ತಂಪಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಲಸದಲ್ಲೂ ಗೆದ್ದು, ರೂಪದಲ್ಲೂ ಗೆದ್ದು, ಈಗ ದೊಡ್ಡತನದಲ್ಲೂ ಆ ಫಿಟ್ಟರೇ ಗೆಲ್ಲುವುದೇ? ಅದನ್ನು ಮಾತ್ರ ನುಂಗಲಾಗಲಿಲ್ಲ. "ಅವನಲ್ಲ, ನಾನು!" ಎಂದು ಕೂಗಿಬಿಟ್ಟ. "ಅವನ ಕೋರ್ ಕಿತ್ತು ನಂದು ಹಾಕ್ದೆ. ಕ್ಲ್ಯಾಂಪ್ ಬಿಗಿಯೋದು ಮರೆತೆ."

ಅವಳು ಗಂಡನತ್ತ ತಿರುಗಿದಳು. "ಯಾಕೆ?"

"ಹೊಟ್ಟೆಕಿಚ್ಚು."

"ಗಾಜಿನಾಚೆ ಏನೂ ಕಾಣದೆ ಹೋದಾಗ ಎದುರಿಗೆ ಬಸ್ಸು ಬರ್ತಿತ್ತು ಕಣ್ರೀ. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿ ನಿಲ್ಲಿಸಿದ್ದೀನಿ. ಚಳಿ ಆಗ್ತಿದೆ ಅಂತ ಮೊದಲು ನಿಮಗೇ ಅಲ್ವಾ ಹೇಳಿದ್ದು?"

ಅವನಿಗೆ ಅಳು ಬಂತು. ರಸ್ತೆ ಬದಿಯಲ್ಲೇ ನಿಂತು ಅತ್ತ. ಫಿಟ್ಟರ್ ಪಾಪ, ಲಾರಿಯ ಹಿಂದಿನ ಟೈರುಗಳನ್ನು ಪರೀಕ್ಷಿಸಲು ಹೋದ. ಅವಳು ಸಮಾಧಾನ ಮಾಡಲಿಲ್ಲ. ಸರಕು ಇಳಿಸಬೇಕೆಂದು ಲಾರಿ ಹತ್ತಿ ಹೊರಟೇಬಿಟ್ಟಳು.

ಬಂದರಿನಿಂದ ಮರಳಿದ ಮೇಲೂ ಅನೇಕ ದಿನ ಅಳೆದು ತೂಗಿ ಮಾತಾಡಿದಳು. ಒಂದು ಬೆಳಿಗ್ಗೆ, "ಬೇಸಿಗೆ ಬರ್ತಿದೆ. ಏಸಿ ಗ್ಯಾಸು ನಿಲ್ತಿಲ್ಲ. ನೀವು ನೋಡ್ತೀರೋ, ಬೆಟ್ಟಕ್ಕೆ ಹೋಗ್ಲೋ?" ಎಂದಳು.

ತಂಪಣ್ಣ ಆ ದಿನ ಷೆಡ್ಡಿನ ಸಾಲಿನಲ್ಲಿ ಅವಳ ಲಾರಿಯನ್ನೇ ಮೊದಲು ಒಳಗೆ ತೆಗೆದುಕೊಂಡ. ಹಿಂದೆ ಕಾಯುತ್ತಿದ್ದವರು ಗೊಣಗಿದರೂ ತಲೆ ಎತ್ತಲಿಲ್ಲ. ಸೋರುತ್ತಿದ್ದ ಕಂಡೆನ್ಸರ್ ಬದಲಾಯಿಸಿದ. ಅವಳಿಗೊಂದು ಕುರ್ಚಿಯನ್ನೂ ಹಾಕಿದ.

"ಬೆಟ್ಟದಲ್ಲಿ ಕುರ್ಚಿಗೆ ದಿಂಬೂ ಇತ್ತು" ಎಂದಳು ಅವಳು, ಮುಖದಲ್ಲಿ ಏನೂ ತೋರಿಸದೆ.

ತಂಪಣ್ಣ ಸ್ಪ್ಯಾನರ್ ಕೆಳಗಿಟ್ಟು, ಉರಿಯುತ್ತಲೇ, ದಿಂಬು ತರಲು ಮನೆಯೊಳಗೆ ಹೋದ.