ಅಣವೀರಪ್ಪನವರ ಕೊಸರು

ಪಿಕಲ್‌ಬಾಲ್ ಆಟದಲ್ಲಿ ಅಂಪೈರ್ ಇರುವುದಿಲ್ಲ ಎಂದು ತಿಳಿದ ದಿನವೇ ನನಗೆ ದಿಗಿಲಾಗಿತ್ತು. ಚೆಂಡು ಯಾರ ಅಂಗಳದಲ್ಲಿ ಬೀಳುತ್ತದೋ ಅವರೇ ಹೇಳಬೇಕು, ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ. ಎದುರಿನವರು ಅದನ್ನು ನಂಬಬೇಕು. ಈ ನಿಯಮ ಮಾಡಿದವರು ನಮ್ಮ ಮನೆಯವರನ್ನು ನೋಡಿರಲಿಲ್ಲ.

ನಮ್ಮ ಮಾವ ಅಣವೀರಪ್ಪನವರು ದಹಿಸರ್ ಸ್ಟೇಷನ್ನಿನ ಹತ್ತಿರ ಎಷ್ಟೋ ವರ್ಷ ಜೋಳ, ಗುರೆಳ್ಳು, ಬ್ಯಾಡಗಿ ಮೆಣಸಿನಕಾಯಿ ಮಾರಿದವರು. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೆಲ್ಲ ಅವರ ಗಿರಾಕಿಗಳು. ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವರು ಚೀಲದ ಬಾಯಿ ಕಟ್ಟಿದವರಲ್ಲ. ಹೋದ ವರ್ಷ ಅಂಗಡಿಯಿದ್ದ ಹಳೆಯ ಬಿಲ್ಡಿಂಗನ್ನು ಕೆಡವಿದರು. ಮಾವ ಇನ್ನೊಂದು ಅಂಗಡಿ ಹಿಡಿಯಲಿಲ್ಲ. ತಕ್ಕಡಿಯನ್ನು ಮನೆಗೆ ತಂದು ಬಾಲ್ಕನಿಯಲ್ಲಿ ವಾಷಿಂಗ್ ಮಶೀನಿನ ಮೇಲಿಟ್ಟರು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೂತೇ ಇದ್ದರು. ಊಟಕ್ಕೆ ಕರೆದರೆ ಬಂದು ಉಂಡು ಮತ್ತೆ ಅಲ್ಲೇ ಹೋಗಿ ಕೂರುವರು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಏನೂ ಇಲ್ಲದೆ ಮನುಷ್ಯ ಹೀಗೆ ಕೂರುತ್ತಾನೆಯೇ ಎಂದು ನನಗೆ ಇನ್ನಷ್ಟು ಭಯವಾಯಿತು.

ಅವರನ್ನು ಆ ಕುರ್ಚಿಯಿಂದ ಎಬ್ಬಿಸಿದವಳು ನನ್ನ ಮಗಳು ರೂಪಾಲಿ. ಹದಿಮೂರರ ಹುಡುಗಿ. ನಮ್ಮ ಬಿಲ್ಡಿಂಗಿನ ಸೊಸೈಟಿಯವರು ವಿಸಿಟರ್ ಪಾರ್ಕಿಂಗಿನ ಜಾಗಕ್ಕೆ ನೀಲಿ ಬಣ್ಣ ಬಳಿದು, ಬಿಳಿ ಗೆರೆ ಎಳೆದು, ಸೊಂಟದೆತ್ತರಕ್ಕೆ ನೆಟ್ ಕಟ್ಟಿದ್ದರು. ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಹಲಗೆಯಂಥ ಬ್ಯಾಟು. ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ನಾಲ್ಕನೆಯವರು ಬೇಕಾದರು.

"ಅಜ್ಜಾ, ಚಲೋ ನಾ. ಬಸ್, ನಿಂತ್ಕೊಂಡ್ರ ಸಾಕು."

ನಿಲ್ಲಲು ಹೋದವರು ಆಡಿಬಿಟ್ಟರು. ಅಂದಿನಿಂದ ಪ್ರತಿ ಭಾನುವಾರ ಐದೂ ಜನ ಕೆಳಗಿಳಿಯುತ್ತೇವೆ. ನನ್ನ ಗಂಡ ಗುರುಪಾದ ಪ್ರತಿ ಹೊಡೆತಕ್ಕೂ ಮುಂಚೆ ಹೊಡೆತವನ್ನು ವಿವರಿಸುತ್ತಾರೆ, ಆಮೇಲೆ ತಪ್ಪಿಸಿಕೊಳ್ಳುತ್ತಾರೆ. ನಾನು ಚೆಂಡನ್ನು ಬಿಟ್ಟು ಮಾವನವರ ಮೊಣಕಾಲು, ರೂಪಾಲಿಯ ಬಿಚ್ಚಿದ ಲೇಸು, ಏಸಿ ಪೈಪಿನಿಂದ ನೀರು ತೊಟ್ಟಿಕ್ಕಿ ಒದ್ದೆಯಾದ ಮೂಲೆ, ಇವನ್ನು ನೋಡುತ್ತಿರುತ್ತೇನೆ. ಹಾಗಾಗಿ ಚೆಂಡು ತಾನಾಗಿ ಬಂದು ನನಗೆ ಬಡಿಯುತ್ತದೆ. ನಾನು ಅದಕ್ಕೂ ಸಾರಿ ಕೇಳುತ್ತೇನೆ.

ಅತ್ತೆ ಭಾಗವ್ವನವರದು ಬೇರೆಯೇ ರೀತಿ. ಮಾವ ಎಷ್ಟು ವರ್ಷ ಕೊಸರು ಹಾಕಿದ್ದಾರೋ ಅಷ್ಟು ವರ್ಷವೂ ಅತ್ತೆ ಬೇರೆಯವರ ಅಂಗಡಿಗಳಲ್ಲಿ ಕೊಸರು ಕೇಳಿ ಪಡೆದವರು. ಕೊತ್ತಂಬರಿ ಕೊಂಡರೆ ಕರಿಬೇವು, ಕರಿಬೇವು ಕೊಂಡರೆ ಎರಡು ಹಸಿಮೆಣಸಿನಕಾಯಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುರುಪಾದರ ಹಳೆಯ ಬೂಟು ಹಾಕಿಕೊಂಡು ಅಂಗಳಕ್ಕಿಳಿದರೆ, ಎದುರಿನವರು ಬ್ಯಾಟು ಎತ್ತುವುದಕ್ಕೂ ಇವರು "ಔಟ್!" ಎನ್ನುವುದಕ್ಕೂ ಸರಿಹೋಗುತ್ತದೆ. ಒಮ್ಮೆ ಚೆಂಡು ಅವರ ಹೊಟ್ಟೆಗೇ ಬಡಿಯಿತು. "ನಾ ಗೆರಿ ಹೊರಗ ನಿಂತಿದ್ದೆ," ಅಂದರು. ನಿಂತಿದ್ದದ್ದು ಅಂಗಳದ ನಟ್ಟನಡುವೆ.

ಹೀಗೆ ನಮ್ಮ ಮನೆಯಲ್ಲಿ ಒಬ್ಬರು ಬಾಚಿಕೊಳ್ಳುತ್ತಿದ್ದರು, ಒಬ್ಬರು ಕೊಟ್ಟುಬಿಡುತ್ತಿದ್ದರು. ಮನೆಯವರೇ ಆಡುವಾಗ ಎರಡೂ ಸೇರಿ ಲೆಕ್ಕ ಸರಿಹೋಗುತ್ತಿತ್ತು.

ಕಷ್ಟ ಬಂದದ್ದು ಸೊಸೈಟಿಯವರು ಫ್ಯಾಮಿಲಿ ಕಪ್ ಎಂದು ಪಂದ್ಯ ಇಟ್ಟಾಗ. ಜೋಡಿಯಲ್ಲಿ ಒಬ್ಬರು ಅರವತ್ತು ದಾಟಿರಬೇಕು, ಇನ್ನೊಬ್ಬರು ಹದಿನಾರರ ಒಳಗಿರಬೇಕು. ಬಿ ವಿಂಗಿನ ರೋಶನ್ ತನ್ನ ಅಜ್ಜಿಯ ಜೊತೆ ಆಡುತ್ತಾನೆಂದು ಗೊತ್ತಾಯಿತು. ಆ ಅಜ್ಜಿ, ಸಿಲ್ವಿಯಾ ಆಂಟಿ, ವಿಲೆ ಪಾರ್ಲೆಯ ಒಂದು ಶಾಲೆಯಲ್ಲಿ ಪಿಟಿ ಟೀಚರಾಗಿದ್ದವರು. ಈಗಲೂ ಲಿಫ್ಟ್ ಹತ್ತುವುದಿಲ್ಲ. ರೂಪಾಲಿಗೆ ಬೇರೆ ಯಾರನ್ನು ಸೋಲಿಸದಿದ್ದರೂ ರೋಶನ್ನನ್ನು ಸೋಲಿಸಲೇಬೇಕಿತ್ತು. ಕಾರಣ ಕೇಳಿದರೆ ಹೇಳಲಿಲ್ಲ.

ಅಜ್ಜನನ್ನೇ ಜೋಡಿ ಮಾಡಿಕೊಂಡು ಅವರ ಎದುರು ಒಂದು ಪ್ರಾಕ್ಟೀಸ್ ಆಟ ಆಡಿದಳು. ರೋಶನ್ ಹೊಡೆದ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು.

"ಇನ್ ಐತಿ," ಅಂದರು ಮಾವ.

"ಅಜ್ಜಾ! ಕ್ಯಾ ಇನ್? ಅದು ಪಿಲ್ಲರ್ ಹತ್ರ ಬಿದ್ದದ!"

"ಇರಲಿ ಬಿಡವಾ. ಸಣ್ಣ ಹುಡುಗ, ಆಸೇಲೆ ಹೊಡದಾನ."

ಆ ಸಣ್ಣ ಹುಡುಗ ಮಾವನವರಿಗಿಂತ ಒಂದು ಗೇಣು ಎತ್ತರವಿದ್ದ. "ಸೋ ಸ್ವೀಟ್, ಅಂಕಲ್," ಎಂದು ಸಿಲ್ವಿಯಾ ಆಂಟಿ ಪಾಯಿಂಟ್ ತೆಗೆದುಕೊಂಡರು. ಮುಂದಿನ ಚೆಂಡು ನಾಲ್ಕು ಬೆರಳು ಹೊರಗೆ. ಅದೂ ಇನ್. ಅದರ ಮುಂದಿನದು ಪಾರ್ಕಿಂಗಿನಲ್ಲಿದ್ದ ಸ್ಕೂಟರಿಗೆ ಬಡಿಯಿತು. ಅದನ್ನೂ ಕೊಡಬಹುದೋ ಏನೋ ಎಂದು ಮಾವ ಒಂದು ಕ್ಷಣ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಮನೆಗೆ ಬಂದೊಡನೆ ರೂಪಾಲಿ ಬ್ಯಾಟನ್ನು ಸೋಫಾದ ಮೇಲೆ ಎಸೆದಳು. "ನಾನು ಅಜ್ಜಿ ಜೋಡಿ ಆಡ್ತೀನಿ. ಫೈನಲ್."

"ನಾ ಬರ್ತೀನಿ," ಅಂದರು ಅತ್ತೆ ಹಿಗ್ಗಿ. "ನಿಮ್ಮಜ್ಜ ಕೊಟ್ಟ ಕೊಟ್ಟ ಹಾಳಾದ್ರು. ಲಗ್ನದಾಗ ನಮ್ಮಪ್ಪಗ ಸೈತ ಎರಡ ಸಲ ನಮಸ್ಕಾರ ಮಾಡ್ಯಾರ. ಒಂದು ಸಾಲದು ಅಂತ."

ಮಾವ ಬೂಟು ಬಿಚ್ಚಿ ಜೋಡಿಸಿಟ್ಟು ಬಾಲ್ಕನಿಯ ಕಡೆ ನಡೆದರು. ಕುರ್ಚಿ ಎಳೆದ ಸದ್ದು ಕೇಳಿಸಿತು.

ನಾನು ಮಗಳನ್ನು ಬೆಡ್‌ರೂಮಿಗೆ ಕರೆದು ಬಾಗಿಲು ಹಾಕಿದೆ. "ಅಜ್ಜನ್ನ ಬಿಡಬ್ಯಾಡ. ಬಿಟ್ರ ಮತ್ತ ಅಲ್ಲೇ ಕೂಡತಾರ."

"ಮಮ್ಮಿ, ನಾನು ಹೊಡೆದು ಹೊಡೆದು ಪಾಯಿಂಟ್ ತರೋದು, ಅಜ್ಜ ಸಬ್ ಕೋ ಹಂಚೋದು. ದಿಸ್ ಇಸ್ ನಾಟ್ ಫೇರ್."

ಅವಳದೂ ಸುಳ್ಳಲ್ಲ. ಕೊನೆಗೆ ಒಪ್ಪಿದಳು, ಒಂದೇ ಒಂದು ಪಂದ್ಯಾಟಕ್ಕೆ. ಅಜ್ಜ ಇನ್ನೊಂದು ಸಲ ಔಟ್ ಚೆಂಡನ್ನು ಇನ್ ಅಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಕಪ್ಪಿಗೂ ಅಜ್ಜಿ, ಭಾನುವಾರಕ್ಕೂ ಅಜ್ಜಿ. "ಅಜ್ಜ ಆರಾಮ್ ಕರೇಂಗೆ," ಅಂದಳು. ಆ ಆರಾಮು ಎಂಥದ್ದೆಂದು ನನಗೆ ಗೊತ್ತಿತ್ತು.

ಇದನ್ನು ಮಾವನವರಿಗೆ ಹೇಗೆ ಹೇಳುವುದು? ಸೊಸೆಯಾದವಳು ಮಾವನಿಗೆ ನಿಮ್ಮ ಧಾರಾಳತನ ಕಡಿಮೆ ಮಾಡಿರಿ ಎನ್ನುವುದುಂಟೇ? ಎರಡು ದಿನ ಮಾತುಗಳನ್ನು ಜೋಡಿಸಿದೆ, ಕೆಡಿಸಿದೆ. ಮೂರನೆಯ ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಅವರು ಬಿಸಿ ರೊಟ್ಟಿಗೆಂದು ಬಂದು ಕೂತರು.

"ಮಾವಾರ, ಅಂಗಡ್ಯಾಗ ನೀವು ಕೊಸರು ಯಾವಾಗ ಹಾಕ್ತಿದ್ರಿ?"

"ಯಾವಾಗ ಅಂದ್ರ? ತೂಕ ಆದ ಮ್ಯಾಲ."

"ತಕ್ಕಡಿ ಮುಳ್ಳು ಇನ್ನೂ ಅಲ್ಲಾಡಾಕತ್ತಿದ್ದಾಗ?"

ಮಾವ ನಕ್ಕರು. ಅಂಗಡಿ ಮುಚ್ಚಿದ ಮೇಲೆ ಅಂಗಡಿಯ ವಿಷಯ ಅವರನ್ನು ಯಾರೂ ಕೇಳಿರಲಿಲ್ಲ. "ಹುಚ್ಚಿ, ಮುಳ್ಳು ಅಲ್ಲಾಡಾಕತ್ತಾಗ ಕೈ ಹಾಕಿದ್ರ ಅದು ಕೊಸರಲ್ಲವಾ, ತೂಕ ಕೆಡಸೂದು. ಮೊದಲ ಮುಳ್ಳು ನಟ್ಟನಡುವ ನಿಲ್ಲಬೇಕು. ಆಮ್ಯಾಲ ಎಷ್ಟರ ಕೊಡು."

ಇಲ್ಲಿ ನಾನು, ಚೆಂಡಿನದೂ ಹಾಗೇ ಅಲ್ಲವೇ, ಎಂದು ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. "ಹೌದ್ರಿ," ಅಂದೆ. ತಟ್ಟೆಗೆ ಅವರು ಕೇಳದಿದ್ದ ಇನ್ನೊಂದು ರೊಟ್ಟಿ ಹಾಕಿದೆ.

"ಇದ್ಯಾಕವಾ?"

"ಕೊಸರು ರಿ."

ಮಾವ ರೊಟ್ಟಿಯನ್ನೂ ನನ್ನನ್ನೂ ನೋಡಿದರು. ಉಂಡು ಎದ್ದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

ಪಂದ್ಯದ ದಿನ ಬಂತು. ಮೊದಲ ಸುತ್ತಿನ ಎದುರಾಳಿಗಳು ನಾಸಿಕ್‌ಗೆ ಮದುವೆಗೆ ಹೋಗಿದ್ದರು. ಎರಡನೆಯ ಸುತ್ತಿನವರಲ್ಲಿ ತಾತನಿಗೂ ಮೊಮ್ಮಗನಿಗೂ ಮಾತು ಬಿಟ್ಟುಹೋಗಿ ಇಬ್ಬರೂ ಒಂದೇ ಚೆಂಡಿಗೆ ಓಡುತ್ತಿದ್ದರು. ಹೀಗೆ ನಾವು ಫೈನಲ್ ತಲುಪಿದೆವು. ಎದುರಿಗೆ ರೋಶನ್, ಸಿಲ್ವಿಯಾ ಆಂಟಿ.

"ಅಜ್ಜಾ, ಲೈನ್ ಕಾಲ್ ನಾನೇ ಮಾಡ್ತೀನಿ. ನೀವು ಚುಪ್," ಅಂದಳು ರೂಪಾಲಿ.

ಮಾವ ಎಷ್ಟು ಚುಪ್ಪಾದರೆಂದರೆ ಸರ್ವ್ ಮಾಡುವ ಮುಂಚೆ ಸ್ಕೋರನ್ನೂ ಹೇಳಲಿಲ್ಲ. ಹೇಳಲೇಬೇಕು ಅಂಕಲ್, ರೂಲ್ ಇದೆ, ಎಂದು ಸಿಲ್ವಿಯಾ ಆಂಟಿ ಒತ್ತಾಯಿಸಿದರು. "ಲಾಭ, ಎರಡು," ಅಂದರು ಮಾವ ಗಟ್ಟಿಯಾಗಿ. ಜೋಳ ಅಳೆಯುವವರು ಒಂದು ಎನ್ನುವುದಿಲ್ಲ, ಮೊದಲ ಅಳತೆಗೆ ಲಾಭ ಎನ್ನುತ್ತಾರೆ. ಲಾಭ ಅಂದರೆಷ್ಟು ಎಂದು ರೋಶನ್ ಅಜ್ಜಿಯನ್ನು ಕೇಳಿದ. ಅವರು ಕೇಳಿಸದವರ ಹಾಗೆ ಬ್ಯಾಟು ಒರೆಸಿಕೊಂಡರು.

ಮಾವ ಚೆನ್ನಾಗಿಯೇ ಆಡಿದರು. ಓಡುವುದಿಲ್ಲ. ಆದರೆ ಮೆಣಸಿನಕಾಯಿ ಚೀಲ ಎತ್ತಿ ಇಳಿಸಿದ ಕೈ, ಚೆಂಡನ್ನು ನೆಟ್ಟಿನ ಆಚೆ ಮೆತ್ತಗೆ ಇಟ್ಟು ಬರುವ ಹಾಗೆ ಹೊಡೆಯುತ್ತಾರೆ. ಹನ್ನೊಂದಕ್ಕೆ ಆಟ ಮುಗಿಯಬೇಕು. ಅವರದು ಹತ್ತಾಯಿತು, ನಮ್ಮದು ಒಂಬತ್ತು. ಇನ್ನೊಂದು ಪಾಯಿಂಟ್ ಅವರಿಗೆ ಹೋದರೆ ಮುಗಿಯಿತು.

ರೂಪಾಲಿ ನೆಟ್ಟಿನ ಹತ್ತಿರ ಧಾವಿಸಿದ್ದಳು. ರೋಶನ್ ಚೆಂಡನ್ನು ಅವಳ ತಲೆಯ ಮೇಲಿಂದ ಎತ್ತಿ ಹಾರಿಸಿದ. ಅದು ನಿಧಾನವಾಗಿ ಬಂದು ಹಿಂದಿನ ಮೂಲೆಯಲ್ಲಿ, ಮಾವನವರ ಬೂಟಿನ ಪಕ್ಕ ಬಿತ್ತು. ಬಿಳಿ ಗೆರೆಯ ಆಚೆ, ಎರಡು ಬೆರಳು. ಆ ಮೂಲೆಯ ಹಿಂದೆ ನಿಂತ ನನಗೆ ಸ್ಪಷ್ಟವಾಗಿ ಕಂಡಿತು. ರೂಪಾಲಿಯ ಬೆನ್ನು ಈ ಕಡೆಗಿತ್ತು. ಅವಳು ತಿರುಗುವಷ್ಟರಲ್ಲಿ ಚೆಂಡು ಉರುಳಿಹೋಗಿತ್ತು.

"ಗುರ್ಯಾ, ವಿಡಿಯೋ ನೋಡೋ!" ಎಂದರು ಅತ್ತೆ, ನನ್ನ ಪಕ್ಕದಿಂದ. ಗುರುಪಾದ ಮೊದಲಿನಿಂದಲೂ ಮೊಬೈಲ್ ಹಿಡಿದಿದ್ದರು. ನೋಡಿದರೆ ಅದರಲ್ಲಿ ಇದ್ದದ್ದು ಒಂದು ಪಿಲ್ಲರು, ಮತ್ತು ಅವರ ಹೆಬ್ಬೆರಳು.

"ದಾದಾಜಿ?" ಅಂದ ರೋಶನ್. "ಇನ್ ಥಾ ನಾ?"

ಸಿಲ್ವಿಯಾ ಆಂಟಿ ಆಗಲೇ ಮುಗುಳ್ನಗುತ್ತಿದ್ದರು. ಸೋ ಸ್ವೀಟ್ ಎನ್ನುವುದಷ್ಟೇ ಬಾಕಿ. ರೂಪಾಲಿ ಅಜ್ಜನನ್ನು ನೋಡುತ್ತ ನಿಂತಿದ್ದಳು, ತುಟಿ ಕಚ್ಚಿಕೊಂಡು.

ಆಗ ಅತ್ತೆ ದೊಡ್ಡದಾಗಿ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಅವರ ಔಟ್ ಹೊರಟಿತ್ತು. ಅದು ಹೊರಬಿದ್ದರೆ ಮಾವ ಏನು ಹೇಳಿದರೂ ಹೆಂಡತಿ ಹೇಳಿಕೊಟ್ಟದ್ದು ಎಂದಾಗುತ್ತದೆ. ಯಾರೂ ನಂಬುವುದಿಲ್ಲ. ಇದೆಲ್ಲವನ್ನೂ ಯೋಚಿಸಿದೆನೆಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನನ್ನ ಅಂಗೈ ಹೋಗಿ ಅತ್ತೆಯವರ ಬಾಯಿ ಮುಚ್ಚಿತ್ತು. ಮದುವೆಯಾದಾಗಿನಿಂದ ಅವರ ಎದುರು ಕುರ್ಚಿಯ ಮೇಲೆ ಕಾಲು ಮಡಿಚಿ ಕೂತವಳಲ್ಲ ನಾನು. ಅತ್ತೆಯ ಕಣ್ಣು ಎಷ್ಟು ದೊಡ್ಡದಾಯಿತೆಂದರೆ ನಾನು ಕೈ ತೆಗೆಯಲೂ ಹೆದರಿದೆ.

ಮಾವ ಗೆರೆಯ ಬಳಿ ಬಗ್ಗಿದರು. ಗೆರೆಯನ್ನು, ಚೆಂಡು ಬಿದ್ದ ಜಾಗವನ್ನು, ಮತ್ತೆ ಗೆರೆಯನ್ನು ನೋಡಿದರು. ಮುಳ್ಳು ನಿಲ್ಲಲಿ ಎಂದು ಕಾಯುತ್ತಿದ್ದಾಗ ಅಂಗಡಿಯಲ್ಲಿ ಹೀಗೆಯೇ ನೋಡುತ್ತಿದ್ದರು. ಒಂದು ಕೈಯಿಂದ ಮೊಣಕಾಲು ಹಿಡಿದು ಎದ್ದರು.

"ಔಟ್," ಅಂದರು. ಎರಡು ಬೆರಳು ಎತ್ತಿ ತೋರಿಸಿದರು. "ಇಷ್ಟು."

ಸ್ಕೂಟರಿಗೆ ಬಡಿದದ್ದನ್ನೂ ಕೊಡಲು ಹೊರಟ ಮನುಷ್ಯ ಔಟ್ ಅಂದರೆ ಅದು ಔಟೇ. ಸಿಲ್ವಿಯಾ ಆಂಟಿ ತಲೆಯಾಡಿಸಿ ಚೆಂಡನ್ನು ನಮ್ಮ ಕಡೆ ಎಸೆದರು.

"ಅಜ್ಜಾ!" ಎಂದು ರೂಪಾಲಿ ಕಿರುಚಿದ್ದು ಎ ವಿಂಗಿನ ಟೆರೇಸಿನವರೆಗೂ ಕೇಳಿರಬೇಕು.

ಸರ್ವ್ ನಮಗೆ ಬಂತು, ಹತ್ತು ಹತ್ತು ಸಮವಾಯಿತು. ಆಮೇಲೆ ಸಂತೋಷ ಹೆಚ್ಚಾಗಿ ರೂಪಾಲಿಯೇ ಚೆಂಡನ್ನು ನೆಟ್ಟಿಗೆ ಹೊಡೆದಳು. ಒಮ್ಮೆಯಲ್ಲ, ಮತ್ತೆ ಮತ್ತೆ. ಸೋತೆವು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬ್ಯಾಟು ಎಸೆಯುತ್ತಾಳೆಂದುಕೊಂಡೆ. ಅಷ್ಟರಲ್ಲಿ ಮಾವ ಕೈಕುಲುಕಲು ನೆಟ್ಟಿನ ಹತ್ತಿರ ಹೋದರು. ಕೈಕುಲುಕಿ ಹಿಂದೆ ಬರಲಿಲ್ಲ. ಬ್ಯಾಟನ್ನು ತಟ್ಟೆಯ ಹಾಗೆ ಅಂಗಾತ ಹಿಡಿದು ಮುಂದೆ ಚಾಚಿದರು.

"ಮತ್ತ, ಕೊಸರು?"

"ಕ್ಯಾ?" ಅಂದರು ಸಿಲ್ವಿಯಾ ಆಂಟಿ.

ರೂಪಾಲಿ ಅಜ್ಜನ ಪಕ್ಕ ಬಂದು ನಿಂತಳು. "ಆಂಟಿ, ಗೇಮ್ ಖತಂ ಹುವಾ ನಾ? ಅಬ್ ಏಕ್ ಎಕ್ಸ್ಟ್ರಾ ದೇನಾ ಪಡ್ತಾ ಹೈ. ಹಮಾರೇ ಘರ್ ಕಾ ರೂಲ್ ಹೈ." ಆಟ ಮುಗಿದ ಮೇಲೆ ಒಂದು ಪಾಯಿಂಟ್ ಹೆಚ್ಚಿಗೆ ಕೊಡಬೇಕು, ಅದು ನಮ್ಮ ಮನೆಯ ರೂಲಂತೆ.

"ನಲವತ್ತು ವರ್ಷ ಆತು," ಎಂದು ನನ್ನ ಅಂಗೈಯ ಹಿಂದಿನಿಂದ ಅತ್ತೆಯ ದನಿ ಬಂತು. ನಾನು ಕೈ ತೆಗೆದಿರಲೇ ಇಲ್ಲ. ಗಾಬರಿಯಾಗಿ ತೆಗೆದೆ. "ಈಗ ಕೇಳಾಕ ಕಲತ್ರು," ಅಂದರು ಅತ್ತೆ. ನನ್ನ ಕಡೆ ತಿರುಗಿಯೂ ನೋಡದೆ ಬಾಯಿ ಒರೆಸಿಕೊಂಡರು.

ಆ ಕೊಸರಿನ ಪಾಯಿಂಟ್ ಬಹಳ ಹೊತ್ತು ನಡೆಯಿತು. ಕಪ್ಪು ಕೊಡಲು ಬಂದ ಸೆಕ್ರೆಟರಿ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಕಾದರು. ಕೊನೆಗೆ ಚೆಂಡು ಅವರ ಅಂಗಳದ ಗೆರೆಯ ಮೇಲೆಯೋ ಆಚೆಯೋ ಎಲ್ಲೋ ಬಿತ್ತು. ಸಿಲ್ವಿಯಾ ಆಂಟಿ ಅದನ್ನು ನಮಗೇ ಬಿಟ್ಟುಕೊಟ್ಟರು. ಅದು ಔಟಾಗಿತ್ತು. ನಾನು ನೋಡಿದ್ದೆ. ಹೇಳಲಿಲ್ಲ.

ಸೊಸೆ ಊರ ಮುಂದೆ ನನ್ನ ಬಾಯಿ ಮುಚ್ಚಿದಳು ಎಂದು ಅತ್ತೆ ಬಿಲ್ಡಿಂಗಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಪ್ರತಿ ಸಲವೂ ಕಥೆಗೆ ಒಂದು ಹಿಡಿ ಹೆಚ್ಚಿಗೆ ಬೀಳುತ್ತದೆ. ಈಗಿನ ಲೆಕ್ಕದಲ್ಲಿ ನಾನು ಎರಡೂ ಕೈಯಲ್ಲಿ ಮುಚ್ಚಿದ್ದೇನೆ.

ಈ ಭಾನುವಾರ ನಾನು ಬಾಲ್ಕನಿಗೆ ಹೋದಾಗ ಕುರ್ಚಿಯ ಮೇಲೆ ರೂಪಾಲಿಯ ತೊಳೆದ ಬೂಟುಗಳು ಒಣಗುತ್ತಿದ್ದವು. ಕೆಳಗಿನಿಂದ ಅವಳ ಕೂಗು ಕೇಳಿತು.

"ಅಜ್ಜಾ, ಜಲ್ದೀ! ರೋಶನ್‌ವಾಲೇ ಬಂದಾರ!"

ಇವಳು ಮತ್ತೇನು ಹಾಕಿಕೊಂಡು ಇಳಿದಿದ್ದಾಳೆಂದು ಬಗ್ಗಿ ನೋಡಿದೆ. ಚಪ್ಪಲಿ. ಏಸಿ ಪೈಪಿನ ಕೆಳಗಿನ ಮೂಲೆ ಒದ್ದೆಯಾಗಿಯೇ ಇತ್ತು. ನೆಲ ಒರೆಸುವ ಬಟ್ಟೆಯನ್ನೂ ಅವಳ ಬೂಟನ್ನೂ ಎತ್ತಿಕೊಂಡು, ಲಿಫ್ಟಿಗೆ ಕಾಯದೆ, ಮಾವನವರ ಹಿಂದೆಯೇ ಮೆಟ್ಟಿಲಿಳಿದೆ.